ಮಣ್ಣಿಗೆ ಮಾನ್ಯ: ಬಾಗಲಕೋಟೆ ಸೀಮೆಯ ಒಣಬೇಸಾಯವೂ ಸರಕಾರದ ಸಹಾಯಧನವೂ



ದತ್ತಿ ಉಪನ್ಯಾಸಗಳಿಗೆ ಕಾವ್ಯವೋ ಶಾಸನವೋ ದರ್ಶನವೋ ವಿಷಯವಾಗುವುದು ನಮ್ಮಲ್ಲಿ ವಾಡಿಕೆ. ಬಾದಾಮಿಯ ಗುಹಾಲಯಗಳನ್ನೂ ಐಹೊಳೆ-ಪಟ್ಟದಕಲ್ಲುಗಳ ಗುಡಿಗಳನ್ನೂ ಕೂಡಲಸಂಗಮದ ಪುಣ್ಯಕ್ಷೇತ್ರವನ್ನೂ ಒಡಲಲ್ಲಿಟ್ಟುಕೊಂಡಿರುವ ಈ ಜಿಲ್ಲೆಯಲ್ಲಿ ನಿಂತು, ಅವೆಲ್ಲವನ್ನೂ ಬದಿಗಿರಿಸಿ, ಹೊಲದ ಒಡ್ಡಿನ ಮಾತನ್ನೂ ಆ ಒಡ್ಡಿಗಾಗಿ ಸರಕಾರವು ಕೊಡುವ ಸಹಾಯಧನದ ಮಾತನ್ನೂ ಎತ್ತಿಕೊಳ್ಳುವುದು ಕೆಲವರಿಗೆ ಔಚಿತ್ಯಭಂಗವೆಂದು ತೋರಬಹುದು. ಆದರೆ ಆ ಗುಡಿಗಳ ನಂದಾದೀಪಕ್ಕೂ ನೈವೇದ್ಯಕ್ಕೂ ಅರಸರು ಬಿಟ್ಟ ದತ್ತಿಗಳು ಬಹುಮಟ್ಟಿಗೆ ಈ ಹೊಲಗಳೇ ಆಗಿದ್ದವೆಂಬುದನ್ನು ನೆನೆದರೆ, ಹೊಲದ ಮಣ್ಣಿನ ವಿಚಾರವು ದತ್ತಿಯ ವಿಚಾರಕ್ಕೆ ಅಷ್ಟೇನೂ ಹೊರಗಿನದಲ್ಲವೆಂದು ನೀವೂ ಒಪ್ಪುವಿರೆಂದು ನಂಬಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವುದು ಲೇಸು. ನೆಲ-ಜಲಗಳ ಸಂರಕ್ಷಣೆಗಾಗಿ ರಾಜ್ಯವು ಒಕ್ಕಲಿಗನಿಗೆ ಹಣ ಕೊಡುವುದು ದಾನವಲ್ಲ, ಋಣಸಂದಾಯ. ಆ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಆದರೆ ಈ ಹಣವನ್ನು ನಾವು ಅಗೆಯುವುದಕ್ಕಾಗಿ ಕೊಡುತ್ತಿದ್ದೇವೆಯೇ ಹೊರತು ಕಾಯುವುದಕ್ಕಾಗಿ ಕೊಡುತ್ತಿಲ್ಲ. ಒಡ್ಡು ಹಾಕಿದ ದಿನ ಅಳತೆಯ ಪಟ್ಟಿ ಹಿಡಿದು ಬರುವ ಸರಕಾರವು, ಆ ಒಡ್ಡು ಮೂರನೆಯ ಮಳೆಗಾಲದಲ್ಲಿ ನಿಂತಿದೆಯೋ ಕೊಚ್ಚಿಹೋಗಿದೆಯೋ ಎಂದು ಕೇಳುವುದಕ್ಕೆ ಬರುವುದಿಲ್ಲ. ಈ ಒಂದು ಲೋಪವೇ ನಮ್ಮ ಸಂರಕ್ಷಣೆಯ ಎಲ್ಲ ಯೋಜನೆಗಳ ಮೂಲದೋಷವೆಂಬುದು ನನ್ನ ವಾದ.

ಈ ಸೀಮೆಯ ನೆಲದ ಸ್ವಭಾವವನ್ನು ಅರಿಯದೆ ಸಹಾಯಧನದ ಗುಣದೋಷಗಳನ್ನು ಎಣಿಸುವುದು ವ್ಯರ್ಥ. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಬುಡದಿಂದ ಇಳಿದು ಹರಡಿದ ಕೆಂಪು ಮಸಾರಿ, ಹುನಗುಂದದ ಸುತ್ತ ಕಣ್ಣು ಹಾಯುವವರೆಗೂ ಹಾಸಿಕೊಂಡ ಕರಿಯ ಎರೆ, ಇಳಕಲ್ಲಿನ ಕೆಂಬಂಡೆಗಳ ನಡುವೆ ಸಿಕ್ಕಷ್ಟಕ್ಕೆ ತೃಪ್ತಿಪಡಬೇಕಾದ ತೆಳುಮಣ್ಣು, ಕಲಾದಗಿಯ ಕಡೆಗೆ ಸುಣ್ಣಕಲ್ಲಿನ ಮೇಲೆ ಕುಳಿತ ಮಿಶ್ರಭೂಮಿ, ಇವುಗಳೆಲ್ಲಕ್ಕೂ ಸಮಾನವಾದ ದುರ್ದೈವವೆಂದರೆ ಮಳೆಯ ಅಲ್ಪತೆ ಮತ್ತು ಅದಕ್ಕಿಂತ ಹೆಚ್ಚಾಗಿ ಮಳೆಯ ಅನಿಯಮ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳೆಂಬ ಮೂರು ನದಿಗಳು ಹರಿಯುವ ಜಿಲ್ಲೆಯಾದರೂ ಇಲ್ಲಿನ ವರ್ಷದ ಸರಾಸರಿ ಮಳೆ 600 ಮಿಲಿಮೀಟರನ್ನು ಮುಟ್ಟುವುದಿಲ್ಲ. ಆ ಅಷ್ಟೂ ಮಳೆ ಸಮನಾಗಿ ಹಂಚಿಕೊಂಡು ಬರದೆ, ಹುಬ್ಬಿ, ಉತ್ತರಿ, ಹಸ್ತಗಳ ಕೆಲವೇ ಬಿರುಹೊಯ್ಲುಗಳಲ್ಲಿ ಒಮ್ಮೆಲೇ ಸುರಿದು, ಹಿಡಿದಿಡುವವರಿಲ್ಲದಿದ್ದರೆ ಬಂದ ದಾರಿಯಲ್ಲೇ ಹಳ್ಳ ಸೇರಿ ಹೊರಟುಹೋಗುತ್ತದೆ. ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಹೊಲದ ಮೇಲ್ಪದರದ ಫಲವತ್ತಾದ ಮಣ್ಣನ್ನೂ ಹಾಕಿದ ಗೊಬ್ಬರವನ್ನೂ ಜೊತೆಗೆ ಒಯ್ಯುತ್ತದೆ.

ಎರೆಭೂಮಿಯ ವಿಶೇಷವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬೇಸಗೆಯಲ್ಲಿ ಮೊಳಕಾಲುದ್ದ ಬಿರುಕುಬಿಟ್ಟು ಬಾಯ್ದೆರೆದು ನಿಲ್ಲುವ ಈ ಮಣ್ಣು, ಮೊದಲ ಮಳೆಗಳನ್ನು ಆ ಬಿರುಕುಗಳಿಂದಲೇ ಒಳಕ್ಕೆ ಎಳೆದುಕೊಂಡು, ತೊಯ್ದು ಉಬ್ಬಿದ ಮೇಲೆ ಬಾಯಿ ಮುಚ್ಚಿಕೊಂಡುಬಿಡುತ್ತದೆ. ಅನಂತರ ಬಂದ ನೀರು ಇಂಗಬೇಕಾದರೆ ಹೊಲದ ಮೇಲೆ ನಿಧಾನವಾಗಿ ನಿಂತಿರಬೇಕು, ನಿಲ್ಲಬೇಕಾದರೆ ತಡೆಯಿರಬೇಕು. ಒಂದು ಮೀಟರ್ ಆಳದ ಒಳ್ಳೆಯ ಎರೆಮಣ್ಣು ಪೈರಿಗೆ ಒದಗುವಂತೆ 150ರಿಂದ 250 ಮಿಲಿಮೀಟರಿನಷ್ಟು ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳಬಲ್ಲುದು. ಈ ಹಸಿಯೊಂದು ಮೈತುಂಬಿಕೊಂಡರೆ ಆಮೇಲೆ ಮಳೆ ಬಾರದಿದ್ದರೂ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳು ಬರಿಯ ಇಬ್ಬನಿ-ಚಳಿಗಳಲ್ಲೇ ಬೆಳೆದು ಕೈಗೆ ಬರುವವು. ನೀರಾವರಿಯ ಜನರು ಕಾಲುವೆಯಲ್ಲಿ ಹುಡುಕುವ ನೀರನ್ನು ಇಲ್ಲಿನವರು ಮಣ್ಣಿನಲ್ಲೇ ಕೂಡಿಹಾಕಿದರು. ಇದು ಯಾವ ಇಲಾಖೆಯೂ ಹುಟ್ಟುವ ಮೊದಲು ಹುಟ್ಟಿದ ಶಾಸ್ತ್ರ.

ಹುನಗುಂದದ ರೈತರು ಈ ಶಾಸ್ತ್ರವನ್ನು ಒಯ್ದ ಎತ್ತರ ಆಶ್ಚರ್ಯಕರವಾದುದು. ಇಳುಕಲಿನ ಹೊಲವನ್ನು ಅಡ್ಡಡ್ಡವಾಗಿ ಮಡಿಗಳಾಗಿ ವಿಭಾಗಿಸಿ, ಮಡಿಯೊಳಗಿನ ನೆಲವನ್ನು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಸಮಮಾಡುತ್ತ, ಕೆಳಅಂಚಿಗೆ ಬಲವಾದ ಒಡ್ಡನ್ನು ಹಾಕಿ, ಆ ಒಡ್ಡಿನಲ್ಲಿ ಮಿಕ್ಕ ನೀರು ಮಣ್ಣನ್ನು ಕೊರೆಯದೆ ಇಳಿದುಹೋಗುವಂತೆ ಕಲ್ಲಿನ ಕೋಡಿಯನ್ನು ಕಟ್ಟುವುದು ಅವರ ಕ್ರಮ. ಕೋಡಿಯ ಎತ್ತರ ಎಷ್ಟಿರಬೇಕು, ಯಾವ ಮಳೆಯವರೆಗೆ ನೀರನ್ನು ನಿಲ್ಲಿಸಬೇಕು, ಬಿತ್ತನೆಯ ಹದ ಬರುವ ಮುನ್ನ ಯಾವಾಗ ಬಿಟ್ಟುಕೊಡಬೇಕು ಎಂಬುದರ ನಿರ್ಣಯ ತಲೆಮಾರಿನಿಂದ ತಲೆಮಾರಿಗೆ ಬಂದ ಅನುಭವದ ಫಲ. ಒಂದೊಂದು ಕೋಡಿಯ ಹಿಂದೆಯೂ ಮೇಲಿನ ಹೊಲದವನಿಗೂ ಕೆಳಗಿನ ಹೊಲದವನಿಗೂ ಆಗಿರುವ ಒಪ್ಪಂದವೊಂದು ಇರುತ್ತದೆ. ಯಾಕೆಂದರೆ ನನ್ನ ಕೋಡಿಯ ನೀರು ನಿನ್ನ ಹೊಲಕ್ಕೆ ಬೀಳಬೇಕು, ಬಿದ್ದಲ್ಲಿ ಕೊರಕಲು ಬೀಳಬಾರದು. ಬಿತ್ತುವವರೆಗೂ ಹೊಲವನ್ನು ಬಿಡದೆ ಹರಗುವುದು, ಕುಂಟೆಯಿಂದ ಮೇಲ್ಮಣ್ಣನ್ನು ಹುಡಿಮಾಡಿ ಹಸಿಯ ಬಾಯಿಯನ್ನು ಮುಚ್ಚುವುದು, ಬೀಜವನ್ನು ವಿರಳವಾಗಿ ಬಿತ್ತುವುದು, ಇವೆಲ್ಲವೂ ಒಡ್ಡಿನ ಪರಿವಾರಕ್ಕೆ ಸೇರಿದ ಕ್ರಿಯೆಗಳೇ. ಈ ವಿದ್ಯೆಯನ್ನು ಹೊರನಾಡಿನವರಿಗೆ ತಿಳಿಸಿಕೊಟ್ಟವರಲ್ಲಿ ಹುನಗುಂದದ ರೈತ ಮಲ್ಲಣ್ಣ ನಾಗರಾಳರ ಹೆಸರು ಮುಖ್ಯವಾದದ್ದೆಂಬುದು ಇಲ್ಲಿರುವವರಿಗೆ ಗೊತ್ತೇ ಇದೆ.

ಒಡ್ಡು ಹಾಕಿದವನ ಲಾಭವೇನೋ ಸರಿ. ಅದಕ್ಕೆ ರಾಜ್ಯವೇಕೆ ಹಣ ಕೊಡಬೇಕು? ಈ ಪ್ರಶ್ನೆಯನ್ನು ಪಟ್ಟಣದ ವಿದ್ಯಾವಂತರು ಆಗಾಗ ಕೇಳುವುದುಂಟು, ಕೇಳುವಾಗ ತಮ್ಮ ತೆರಿಗೆಯ ಹಣವನ್ನು ನೆನಪಿಸುವುದನ್ನೂ ಮರೆಯುವುದಿಲ್ಲ. ಉತ್ತರ ಸರಳವಾದದ್ದು. ಮೇಲಿನ ಹೊಲದವನು ಹಿಡಿದಿಟ್ಟ ಮಣ್ಣು ಕೆಳಗಿನ ಹೊಲದವನ ಬೆಳೆಯನ್ನು ಹೂಳಿನಿಂದ ಉಳಿಸುತ್ತದೆ. ಅವನು ಇಂಗಿಸಿದ ನೀರು ಹಳ್ಳದ ಬಾವಿಗಳಿಗೆ ಸೆಲೆಯಾಗುತ್ತದೆ. ಮಲಪ್ರಭೆಯ ಮೂಲಕವೋ ನೇರವಾಗಿಯೋ ಕೃಷ್ಣೆಗೆ ಇಳಿದು ನಾರಾಯಣಪುರದ ಜಲಾಶಯದ ತಳವನ್ನು ತುಂಬಬಹುದಾಗಿದ್ದ ಹೂಳು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಈ ಉಪಕಾರಗಳಲ್ಲಿ ಯಾವೊಂದಕ್ಕೂ ಒಡ್ಡು ಹಾಕಿದವನಿಗೆ ಸಂತೆಯಲ್ಲಿ ಬೆಲೆ ಸಿಕ್ಕುವುದಿಲ್ಲ. ತನಗೆ ಬೆಲೆ ಬಾರದ ಕೆಲಸವನ್ನು ಬಡವನು ತನ್ನ ಖರ್ಚಿನಿಂದ ಮಾಡಲೆಂದು ಅಪೇಕ್ಷಿಸುವುದು, ಉಪದೇಶವಾಗಿ ಎಷ್ಟೇ ರಮಣೀಯವಾಗಿರಲಿ, ನ್ಯಾಯವಂತೂ ಅಲ್ಲ.

ಹೀಗೆ ಕೊಡುವುದು ಹೊಸ ಕಾಲದ ಕಲ್ಪನೆಯೆಂದು ಭಾವಿಸುವವರು ನಮ್ಮ ಪೂರ್ವಿಕರನ್ನು ಸ್ವಲ್ಪ ನೋಡಬೇಕು. ಹೊಸದಾಗಿ ಕೆರೆ-ಕಟ್ಟೆಗಳನ್ನು ಕಟ್ಟಿದವನಿಗೆ ಐದು ವರ್ಷ, ಒಡೆದು ಪಾಳುಬಿದ್ದುದನ್ನು ಸರಿಪಡಿಸಿದವನಿಗೆ ನಾಲ್ಕು ವರ್ಷ, ಕಳೆಗಿಡ ಬೆಳೆದು ಮುಚ್ಚಿಹೋದುದನ್ನು ಬಿಡಿಸಿದವನಿಗೆ ಮೂರು ವರ್ಷ ಕಂದಾಯದ ವಿನಾಯಿತಿಯನ್ನು ಕೊಡತಕ್ಕದ್ದೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಕಟ್ಟಿದವನಿಗೆ ಮಾತ್ರವಲ್ಲ, ದುರಸ್ತಿ ಮಾಡಿದವನಿಗೂ ಕಳೆ ತೆಗೆದವನಿಗೂ ಅಲ್ಲಿ ಸ್ಥಾನವಿದೆ. ನಮ್ಮ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆಗಳ ತಾತ್ಪರ್ಯವೂ ಅದೇ: ಕೆರೆಯನ್ನು ಕಟ್ಟಿಸಿದವನ, ಪಾಲಿಸುವವನ ವಂಶಕ್ಕೆ ಅದರ ಕೆಳಗಿನ ಭೂಮಿಯಲ್ಲೊಂದು ಪಾಲು, ಇಲ್ಲವೆ ಅದರ ಉತ್ಪತ್ತಿಯಲ್ಲೊಂದು ಅಂಶ. ಕೆರೆಯು ತುಂಬಿ ಭೂಮಿ ಬೆಳೆದರೆ ಪಾಲು ಉಂಟು. ಏರಿ ಒಡೆದು ಕೆರೆ ಬತ್ತಿದರೆ ಪಾಲೂ ಇಲ್ಲ. ಕೆರೆಯ ಆರೋಗ್ಯಕ್ಕೂ ಪಾಲಕನ ಅನ್ನಕ್ಕೂ ಗಂಟುಹಾಕಿದ ಆ ವ್ಯವಸ್ಥೆಯಲ್ಲಿ ಜಾತಿ-ಅಧಿಕಾರಗಳ ಅನ್ಯಾಯಗಳು ಬೇಕಾದಷ್ಟು ಬೆರೆತಿದ್ದವು, ಅದನ್ನು ಹಾಗೆಯೇ ಮರಳಿ ತರಬೇಕೆಂದು ನಾನು ಹೇಳುವುದಿಲ್ಲ. ಆದರೆ ಅದರ ಲೆಕ್ಕಾಚಾರವು ನಮ್ಮ ಈಗಿನ ಲೆಕ್ಕಾಚಾರಕ್ಕಿಂತ ಸೂಕ್ಷ್ಮವಾಗಿತ್ತು.

ಬ್ರಿಟಿಷರ ಆಳಿಕೆಯಲ್ಲಿ ಈ ಗಂಟು ಸಡಿಲವಾಯಿತು. 1876ರಿಂದ 1878ರವರೆಗಿನ ಮಹಾಕ್ಷಾಮವು ಈ ಸೀಮೆಯನ್ನು ಹೇಗೆ ಹಿಂಡಿತೆಂದರೆ, ಆಗ ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಕಲಾದಗಿಯ ಹೆಸರಿನ ಜಿಲ್ಲೆಯ ಜನಸಂಖ್ಯೆಯು 1872ರ ಗಣತಿಗೂ 1881ರ ಗಣತಿಗೂ ನಡುವೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕುಗ್ಗಿತು. ಆ ಆಘಾತದ ಬೆನ್ನಿಗೆ ಬಂದವು 1883ರ ಭೂಸುಧಾರಣಾ ಸಾಲಗಳ ಕಾಯಿದೆಯೂ 1884ರ ಕೃಷಿಕರ ಸಾಲಗಳ ಕಾಯಿದೆಯೂ. ನಮ್ಮ ಹಿರಿಯರು ತಗಾವಿಯೆಂದು ಕರೆದದ್ದು ಈ ಸಾಲವನ್ನೇ. ಅದು ಸಹಾಯವಲ್ಲ, ಸಾಲ. ಒಡ್ಡು ಉಳಿಯಲಿ ಬಿಡಲಿ, ಕಂದಾಯದ ಬಾಕಿಯಂತೆ ವಸೂಲಾಗುವಂಥದು. ಮುಂದೆ 1933ರಲ್ಲಿ ಬಿಜಾಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರವು ಆರಂಭವಾಗಿ, ಸೊಲ್ಲಾಪುರದ ಕೇಂದ್ರದೊಡನೆ ಕೂಡಿ, ಒಡ್ಡು, ಆಳವಾದ ಉಳುಮೆ, ಕೊಟ್ಟಿಗೆಗೊಬ್ಬರ, ವಿರಳವಾದ ಬಿತ್ತನೆಗಳನ್ನು ಕೂಡಿಸಿದ ‘ಮುಂಬಯಿ ಒಣಬೇಸಾಯ ಪದ್ಧತಿ’ಯನ್ನು ರೂಪಿಸಿತು, ಹುನಗುಂದದ ಮುದುಕರು ಬಹುಕಾಲದಿಂದ ಮಾಡುತ್ತಿದ್ದುದಕ್ಕೆ ಸರಕಾರದ ಮುದ್ರೆ ಬಿದ್ದಿತೆಂದು ಹೇಳಿದರೂ ದೊಡ್ಡ ತಪ್ಪಾಗದು. 1942ರಲ್ಲಿ ಮುಂಬಯಿ ಪ್ರಾಂತದ ಭೂಸುಧಾರಣಾ ಯೋಜನೆಗಳ ಕಾಯಿದೆ ಬಂತು. ಅದೇ ಹೊತ್ತಿಗೆ ಬಿಜಾಪುರ ಜಿಲ್ಲೆಗೆ ಬರವೂ ಬಂತು. ಒಡ್ಡು ಹಾಕುವುದು ಬರಗಾಲದ ಕಾಮಗಾರಿಯಾಯಿತು.

ಒಡ್ಡಿಗೂ ಬರಗಾಲಕ್ಕೂ ಹೀಗೆ ಬೆಳೆದ ಸಂಬಂಧವು ನಮ್ಮ ಸಂರಕ್ಷಣೆಯ ಮೇಲೆ ಬಿಟ್ಟ ಗುರುತನ್ನು ನಾವು ಸಾಕಷ್ಟು ಗಮನಿಸಿಲ್ಲ. ಬರದ ಕಾಮಗಾರಿಯ ಮುಖ್ಯೋದ್ದೇಶ ಹಸಿದವನಿಗೆ ಕೂಲಿ ಒದಗಿಸುವುದು. ಎಷ್ಟು ಮಣ್ಣು ಎತ್ತಿಹಾಕಿದರೆಂಬುದೇ ಅಲ್ಲಿನ ಮಾನದಂಡ, ಎಷ್ಟು ಹಸಿ ಉಳಿಯಿತೆಂಬುದಲ್ಲ. ಕ್ಷಾಮದ ವರ್ಷಕ್ಕೆ ಅದು ಸಲ್ಲುವಂಥ ಮಾನದಂಡವೇ ಆಗಿತ್ತು. ಆದರೆ 1961ರ ಮೈಸೂರು ಭೂ ಅಭಿವೃದ್ಧಿ ಕಾಯಿದೆಯ ಕಾಲಕ್ಕೂ, 1973-74ರಲ್ಲಿ ಆರಂಭವಾದ ಬರಪೀಡಿತ ಪ್ರದೇಶಗಳ ಕಾರ್ಯಕ್ರಮಕ್ಕೂ, 1990ರ ಅನಂತರದ ಜಲಾನಯನ ಯೋಜನೆಗಳಿಗೂ, 2005ರ ಉದ್ಯೋಗ ಖಾತ್ರಿ ಕಾಯ್ದೆಯ ಅಡಿಯ ಬದು ನಿರ್ಮಾಣಕ್ಕೂ, ಹೆಸರುಗಳು ಬದಲಾದರೂ, ಘನಮೀಟರಿನ ಲೆಕ್ಕವು ಬದಲಾಗದೆ ಉಳಿದುಬಂತು. ಸರಕಾರದ ಎಂಜಿನಿಯರರು ಒಂದೇ ನಕ್ಷೆಯ ಸಮಪಾತಳಿಯ ಒಡ್ಡನ್ನು ಮಸಾರಿಗೂ ಎರೆಗೂ ಹಾಕಿಸಿದ ಕಾಲವೊಂದಿತ್ತು. ಆಳವಾದ ಎರೆಯಲ್ಲಿ ಆ ಒಡ್ಡುಗಳು ಬೇಸಗೆಯಲ್ಲಿ ತಾವೇ ಬಿರಿದು, ಮಳೆಗಾಲದಲ್ಲಿ ತಮ್ಮ ಬುಡದಲ್ಲೇ ನೀರನ್ನು ಮಡುಗಟ್ಟಿಸಿ ಬೆಳೆಯನ್ನು ಕೊಳೆಸಿ, ಕಡೆಗೆ ಒಡೆದುಹೋಗುತ್ತಿದ್ದವು. ನೀರಿಗೆ ಮೆಲ್ಲನೆ ಹೊರದಾರಿ ತೋರುವ ಇಳುಕಲ ಒಡ್ಡೇ ಎರೆಗೆ ಯೋಗ್ಯವೆಂದು ಶಾಸ್ತ್ರಜ್ಞರು ಆಮೇಲೆ ಕಂಡುಕೊಂಡರು. ಕಲ್ಲಿನ ಕೋಡಿಯುಳ್ಳ ಒಡ್ಡುಗಳು ಕಣ್ಣೆದುರಿಗೇ ನಿಂತಿದ್ದ ತಾಲೂಕಿನಲ್ಲಿ ಇದನ್ನು ಕಂಡುಕೊಳ್ಳುವುದಕ್ಕೆ ಇಷ್ಟು ತಡವಾಗಬೇಕಾಗಿರಲಿಲ್ಲ. ತಮ್ಮ ಹೊಲದಲ್ಲಿ ಸರಕಾರ ಹಾಕಿದ ಒಡ್ಡನ್ನು ರೈತರು ತಾವೇ ಕಡಿದರೆಂದು ದೂರುವವರು, ಕಡಿದವನು ಮೂಢನಾಗಿದ್ದನೋ ಜಾಣನಾಗಿದ್ದನೋ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಈಚಿನ ವರ್ಷಗಳಲ್ಲಿ ಸಹಾಯಧನಕ್ಕೆ ಹೆಚ್ಚಿನ ಪ್ರಚಾರ ತಂದುಕೊಟ್ಟದ್ದು 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆ. ಕೃಷಿಹೊಂಡ, ಅದಕ್ಕೆ ಹಾಸುವ ಪಾಲಿಥೀನ್ ಹೊದಿಕೆ, ನೀರೆತ್ತುವ ಪಂಪು, ತುಂತುರು ಅಥವಾ ಹನಿ ನೀರಾವರಿಯ ಸಾಮಗ್ರಿ, ಇವುಗಳಿಗೆ ನೆರವಾಗುವ, ಹೊಂಡಕ್ಕೂ ಹೊದಿಕೆಗೂ ಸಾಮಾನ್ಯ ವರ್ಗದ ರೈತರಿಗೆ ನೂರಕ್ಕೆ 80ರಷ್ಟನ್ನೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ನೂರಕ್ಕೆ 90ರಷ್ಟನ್ನೂ ಸರಕಾರವು ಕೊಡುವ ಈ ಯೋಜನೆಯು ಉದ್ದೇಶದಲ್ಲಿ ಶ್ಲಾಘ್ಯವಾದುದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೂ ಕಟ್ಟುವ ಹೊತ್ತಿಗೆ ಒಂದು ನೀರು ಕೊಡಲು ಸಾಧ್ಯವಾದದ್ದರಿಂದಲೇ ಒಣಗಿಹೋಗಬೇಕಾಗಿದ್ದ ಬೆಳೆ ಉಳಿದುಕೊಂಡ ಹೊಲಗಳು ಬೇಕಾದಷ್ಟಿವೆ. ಆದರೂ ಹೊಂಡವೆಂಬುದು ಒಡ್ಡಿನ ತಮ್ಮನೇ ಹೊರತು ಅಣ್ಣನಲ್ಲ. ಮೇಲಿನ ಹೊಲದಲ್ಲಿ ಒಡ್ಡಿಲ್ಲದೆ ಕೆಳಗೆ ಹೊಂಡವನ್ನು ತೋಡಿದರೆ ಅದು ನೀರಿನಿಂದ ತುಂಬುವುದಕ್ಕಿಂತ ಮೊದಲು ಹೂಳಿನಿಂದ ತುಂಬುತ್ತದೆ. ಮಸಾರಿಯಲ್ಲಿ ಹೊದಿಕೆಯಿಲ್ಲದ ಹೊಂಡದ ನೀರು ನಿಲ್ಲದು, ಎರೆಯಲ್ಲಿ ಹೊದಿಕೆಯ ಅಗತ್ಯವೇ ಅಷ್ಟಾಗಿ ಇಲ್ಲ. ಹೊದಿಕೆ ಹರಿದ ವರ್ಷ ಅದನ್ನು ಬದಲಿಸುವವರಾರು, ಹೂಳು ತುಂಬಿದಾಗ ಎತ್ತುವವರಾರು ಎಂಬ ಪ್ರಶ್ನೆಗಳಿಗೆ ಬಿಲ್ಲು ಪಾವತಿಯಾದ ಮೇಲೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಹುನಗುಂದ ತಾಲೂಕಿನ ರಾಮಥಾಳ-ಮರೋಳ ಹನಿ ನೀರಾವರಿ ಯೋಜನೆಯು ಇದೇ ಮಾತಿಗೆ ಬೃಹತ್ತಾದ ಉದಾಹರಣೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಶೋಧಿಸಿ, ನೆಲದೊಳಗಿನ ಕೊಳವೆಗಳ ಜಾಲದ ಮೂಲಕ ಸುಮಾರು 24,000 ಹೆಕ್ಟೇರ್ ಹೊಲಗಳಿಗೆ ಹನಿಹನಿಯಾಗಿ ಮುಟ್ಟಿಸಬೇಕೆಂಬ, ಸಾಮಗ್ರಿಯ ಖರ್ಚನ್ನು ರಾಜ್ಯವೇ ವಹಿಸಿಕೊಂಡ ಈ ಸಾಹಸವು 2017ರಲ್ಲಿ ಉದ್ಘಾಟನೆಗೊಂಡಾಗ ಏಷ್ಯಾಖಂಡದಲ್ಲೇ ದೊಡ್ಡದೆಂದು ಹೊಗಳಿಸಿಕೊಂಡಿತು. ನೀರನ್ನು ಉಳಿಸುವ ಉಪಾಯವಾಗಿ ಹನಿ ನೀರಾವರಿಯನ್ನು ಮೀರಿಸುವಂಥದು ಕಡಿಮೆ, ಕಾಲುವೆಯ ಸ್ವೇಚ್ಛೆಯ ನೀರಿನಿಂದ ಸವಳಾದ ಮಲಪ್ರಭಾ-ಘಟಪ್ರಭಾ ಅಚ್ಚುಕಟ್ಟುಗಳ ಭೂಮಿಯನ್ನು ಕಂಡವರಂತೂ ಇದನ್ನು ಬೇಡವೆನ್ನಲಾರರು. ಆದರೆ ಅನೇಕ ಹೊಲಗಳಲ್ಲಿ ಇಂದು ಕೊಳವೆಗಳು ಬಳಕೆ ತಪ್ಪಿ ಬಿದ್ದಿವೆ. ಹಲವು ರೈತರು ಒಬ್ಬರಿಗೊಬ್ಬರು ಹೊಂದಿಕೊಂಡು ಸರದಿಯಂತೆ ನಡೆಸಬೇಕಾದ ವ್ಯವಸ್ಥೆಯೊಂದನ್ನು ಕಟ್ಟಿಕೊಟ್ಟ ಮಾತ್ರಕ್ಕೆ ಆ ಹೊಂದಾಣಿಕೆ ತಾನಾಗಿ ಹುಟ್ಟುವುದಿಲ್ಲ. ಹೊಲವನ್ನು ಉಳುವಾಗ ತುಂಡಾದ, ಇಲಿ-ಅಳಿಲುಗಳು ಕಡಿದ ಕೊಳವೆಯನ್ನು ಸರಿಪಡಿಸುವ ಹೊಣೆ ಯಾರದೆಂಬುದು ನಿರ್ಣಯವಾಗದೆ ಉಳಿದರೆ, ಅದು ಯಾರದೂ ಆಗುವುದಿಲ್ಲ.

ಇನ್ನು ಸಹಾಯಧನವು ಯಾರ ಕೈಗೆ ಮುಟ್ಟುತ್ತದೆಂಬ ವಿಚಾರ. ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕ, ರೈತನೋಂದಣಿಯ ‘ಫ್ರೂಟ್ಸ್’ ಸಂಖ್ಯೆ, ಕೆಲಸದ ಮುಂಚಿನ ಫೋಟೋ, ನಡುವಿನ ಫೋಟೋ, ಅನಂತರದ ಫೋಟೋ, ಇವಿಷ್ಟನ್ನು ಹೊಂದಿಸಿಕೊಂಡು ರೈತ ಸಂಪರ್ಕ ಕೇಂದ್ರದ ಕಟ್ಟೆಯನ್ನು ಹತ್ತಬಲ್ಲವನು ಪಹಣಿಯಲ್ಲಿ ಹೆಸರುಳ್ಳವನು ಮಾತ್ರ. ಆದರೆ ಈ ಸೀಮೆಯ ಎಷ್ಟೋ ಹೊಲಗಳನ್ನು ಸಾಗುವಳಿ ಮಾಡುವವರು ಲಾವಣಿಗೋ ಪಾಲಿಗೋ ಹಿಡಿದವರು. 1974ರ ಭೂಸುಧಾರಣೆಯ ತಿದ್ದುಪಡಿಯು ಗೇಣಿಪದ್ಧತಿಯನ್ನು ನಿಷೇಧಿಸಿತು. ನಿಷೇಧವಾದದ್ದರಿಂದ ಲಾವಣಿ ನಿಲ್ಲಲಿಲ್ಲ, ಕಾಗದದಿಂದ ಮಾತ್ರ ಮರೆಯಾಯಿತು. ಹೀಗಾಗಿ ಒಡ್ಡನ್ನು ಕಾಯಬಲ್ಲವನ ಹೆಸರು ದಫ್ತರದಲ್ಲಿಲ್ಲ, ದಫ್ತರದಲ್ಲಿ ಹೆಸರುಳ್ಳವನು ಬಾಗಲಕೋಟೆಯ ನವನಗರದಲ್ಲೋ ಹುಬ್ಬಳ್ಳಿಯಲ್ಲೋ ಇದ್ದಾನೆ. ಮುಂದಿನ ವರ್ಷ ಈ ಹೊಲ ತನ್ನ ಕೈಯಲ್ಲಿರುವುದೋ ಇಲ್ಲವೋ ತಿಳಿಯದ ಲಾವಣಿದಾರನು ಕೋಡಿಯ ಕಲ್ಲು ಜಾರಿದರೆ ಏಕೆ ಎತ್ತಿಟ್ಟಾನು? ಗಂಡನ ಹೆಸರಿನ ಹೊಲದಲ್ಲಿ ಹಗಲೆಲ್ಲ ದುಡಿಯುವ ಹೆಣ್ಣುಮಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

ಸರಕಾರದ ಅಳತೆಯ ವಿಷಯದಲ್ಲಿ ಈ ಭಾಗದ ರೈತನಿಗೆ ಹಳೆಯ ಸಂಶಯವೊಂದು ಇರುವುದನ್ನೂ ಇಲ್ಲಿಯೇ ಹೇಳಬೇಕು. ನೀರು ಸರಿಯಾಗಿ ಮುಟ್ಟುವ ಮುನ್ನವೇ ಮಲಪ್ರಭಾ ಅಚ್ಚುಕಟ್ಟಿನ ಭೂಮಿಗೆ ಅಭಿವೃದ್ಧಿ ಕರ ಬಿದ್ದದ್ದನ್ನೂ, ಅದರಿಂದ 1980ರ ಜುಲೈಯಲ್ಲಿ ನರಗುಂದ-ನವಲಗುಂದಗಳಲ್ಲಿ ರೈತರು ಬಂಡೆದ್ದದ್ದನ್ನೂ ಇಲ್ಲಿನವರು ಮರೆತಿಲ್ಲ. ಹೊಲಕ್ಕೆ ಬಂದ ಅಳತೆಯ ಸರಪಳಿ ಕೊಡುವುದಕ್ಕೆ ಬಂದಿದೆಯೋ ಕೀಳುವುದಕ್ಕೆ ಬಂದಿದೆಯೋ ಎಂದು ಅವರು ಕೇಳಿದರೆ ಅದು ಅಜ್ಞಾನವಲ್ಲ, ಇತಿಹಾಸಜ್ಞಾನ.

ಹಾಗಾದರೆ ಮಾಡತಕ್ಕದ್ದೇನು? ನಾವು ಕುಳಿತಿರುವ ಈ ಸಭೆಯ ಆಧಾರವಾದ ದತ್ತಿಯನ್ನೇ ನೋಡಿರಿ. ಮೂಲಧನವನ್ನು ಯಾರೂ ಮುಟ್ಟದೆ, ವರ್ಷವರ್ಷದ ಬಡ್ಡಿಯಲ್ಲಿ ವರ್ಷವರ್ಷದ ಕಾರ್ಯವನ್ನು ನಡೆಸುವುದು ಅದರ ಕಟ್ಟಳೆ. ಮಣ್ಣು ಮೂಲಧನ, ಬೆಳೆ ಬಡ್ಡಿ. ಮೂಲಧನವನ್ನು ಕಾಯ್ದವನಿಗೆ ಒಂದು ಬಾರಿಯ ಕೂಲಿ ಸಾಲದು, ಕಾಯುತ್ತಿರುವಷ್ಟು ಕಾಲವೂ ಸಂಭಾವನೆ ಸಲ್ಲಬೇಕು. ಇದು ಕೇವಲ ಮನೋರಥವಲ್ಲವೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಅರಣ್ಯ ಇಲಾಖೆಯು 2011-12ರಿಂದ ನಡೆಸುತ್ತಿರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ರೈತನು ಹೊಲದಲ್ಲಿ ನೆಟ್ಟ ಸಸಿಗಳಲ್ಲಿ ಬದುಕಿ ಉಳಿದವನ್ನು ಎಣಿಸಿ, ಉಳಿದ ಸಸಿಯೊಂದಕ್ಕೆ ಇಷ್ಟೆಂದು ಮೂರು ವರ್ಷ ಹಣ ಕೊಡುತ್ತಾರೆ. ಪರಿಷ್ಕೃತ ದರದಂತೆ ಮೂರು ವರ್ಷಗಳಿಗೆ ಸೇರಿ ಸಸಿಯೊಂದಕ್ಕೆ 125 ರೂಪಾಯಿ, ಅದೂ ಮೊದಲ ವರ್ಷಕ್ಕಿಂತ ಮೂರನೆಯ ವರ್ಷಕ್ಕೆ ಹೆಚ್ಚಾಗುವಂತೆ. ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ ಹಣ. ಯೋಜನೆಯ ಮೊತ್ತ ಅಲ್ಪವಿರಬಹುದು, ಎಣಿಕೆಯಲ್ಲಿ ಲೋಪಗಳಿರಬಹುದು. ತತ್ತ್ವ ಮಾತ್ರ ನಿರ್ದುಷ್ಟ. ಬೇವಿಗೆ, ಹೆಬ್ಬೇವಿಗೆ ಸಲ್ಲುವ ತತ್ತ್ವವು ಒಡ್ಡಿಗೆ, ಕೋಡಿಗೆ, ಹೊಂಡಕ್ಕೆ ಏಕೆ ಸಲ್ಲಬಾರದೆಂದು ಕೃಷಿ ಇಲಾಖೆಯನ್ನು ಕೇಳುವ ಅಧಿಕಾರ ನಮಗೆ ಉಂಟು.

ದೂರದ ಅಮೆರಿಕೆಯೂ ಈ ಪಾಠವನ್ನು ಕಷ್ಟದಿಂದ ಕಲಿಯಿತು. 1930ರ ದಶಕದಲ್ಲಿ ಅಲ್ಲಿನ ಬಯಲುಸೀಮೆಯ ಮಣ್ಣು ಧೂಳಿನ ಬಿರುಗಾಳಿಯಾಗಿ ಎದ್ದು ನಗರಗಳನ್ನು ಕತ್ತಲುಗೊಳಿಸಿದ ಮೇಲೆ 1935ರಲ್ಲಿ ಭೂಸಂರಕ್ಷಣೆಗೆಂದೇ ಒಂದು ಇಲಾಖೆಯನ್ನು ಸ್ಥಾಪಿಸಿದರು. 1985ರ ಕಾನೂನಿನಿಂದ, ಸವೆಯುವ ಭೂಮಿಯನ್ನು ಉಳದೆ ಹುಲ್ಲು-ಗಿಡಗಳಿಗೆ ಬಿಟ್ಟ ರೈತನೊಡನೆ ಹತ್ತರಿಂದ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ವರ್ಷಂಪ್ರತಿ ಬಾಡಿಗೆ ಕೊಡುವ ಕ್ರಮವನ್ನು ತಂದರು. ನೂರಾರು ಎಕರೆಗಳ ಒಡೆಯನಿಗೆ ಸಾಧ್ಯವಾಗುವ ಈ ತ್ಯಾಗವು ನಮ್ಮ ನಾಲ್ಕೈದು ಎಕರೆಯ ಒಕ್ಕಲಿಗನಿಗೆ ಹೇಳತಕ್ಕದ್ದಲ್ಲ. ಅವನು ಹೊಲವನ್ನು ಹುಲ್ಲಿಗೆ ಬಿಟ್ಟರೆ ಮನೆಯವರನ್ನು ಗುಳೆ ಕಳುಹಿಸಬೇಕಾದೀತು. ನಾವು ಅವರಿಂದ ತೆಗೆದುಕೊಳ್ಳಬೇಕಾದದ್ದು ಎರಡೇ: ದೀರ್ಘಾವಧಿಯ ಒಪ್ಪಂದ, ವರ್ಷಂಪ್ರತಿಯ ಪಾವತಿ.

ಇದಕ್ಕೆ ಎದುರಾಗಿ ಬರುವ ಮುಖ್ಯ ಆಕ್ಷೇಪ ಒಂದುಂಟು, ಅದು ಅವಜ್ಞೆಗೆ ತಕ್ಕದ್ದಲ್ಲ. ವರ್ಷವರ್ಷವೂ ಸಾವಿರಾರು ಒಡ್ಡುಗಳನ್ನು ನೋಡಿ ಬರುವವರಾರು? ಈಗಿರುವ ಸಿಬ್ಬಂದಿಯಿಂದ ಅದು ಅಸಾಧ್ಯ. ಹೊಸ ಸಿಬ್ಬಂದಿಯನ್ನು ನೇಮಿಸಿದರೆ ರೈತನಿಗೆ ಹೋಗಬೇಕಾದ ಹಣ ಜೀಪಿನ ಪೆಟ್ರೋಲಿಗೆ ಹೋದೀತು. ಈ ತೊಡಕಿಗೆ ಹುನಗುಂದದ ಕೋಡಿಗಳೇ ದಾರಿ ತೋರಿಸುತ್ತವೆಂದು ನನಗೆ ತೋರುತ್ತದೆ. ನನ್ನ ಒಡ್ಡು ಒಡೆದದ್ದು ಅಧಿಕಾರಿಗಿಂತ ಮೊದಲು ಗೊತ್ತಾಗುವುದು ಕೆಳಗಿನ ಹೊಲದವನಿಗೆ. ಅದರಿಂದ ಕೆಡುವುದು ಅವನ ಹೊಲ. ಆದಕಾರಣ ಒಬ್ಬೊಬ್ಬ ರೈತನಿಗೆ ಬಿಡಿಬಿಡಿಯಾಗಿ ಕೊಡುವ ಬದಲು, ಒಂದು ಹಳ್ಳಕ್ಕೆ ಇಳಿಯುವ ಹೊಲಗಳ ಸಾಗುವಳಿದಾರರೆಲ್ಲರನ್ನೂ, ಪಹಣಿಯಲ್ಲಿ ಹೆಸರಿರಲಿ ಇಲ್ಲದಿರಲಿ, ಒಂದು ಕೂಟವನ್ನಾಗಿ ಮಾಡಿ, ಹಸ್ತದ ಮಳೆ ಮುಗಿದ ಮೇಲೆ ಗ್ರಾಮಸಭೆಯಲ್ಲಿ ಪರಸ್ಪರರ ಸಾಕ್ಷಿಯಿಂದ ನಿಂತ ಒಡ್ಡುಗಳನ್ನು ಗುರುತಿಸಿ, ಕೂಟಕ್ಕೆ ಪಾಲನೆಯ ಮಾನ್ಯವನ್ನು ಕೊಡುವುದು ಸಾಧ್ಯ. ಜಗಳಗಳಾಗುವುದಿಲ್ಲವೇ ಎಂದರೆ, ಆಗುತ್ತವೆ. ಈಗ ಒಡ್ಡಿಗಾಗಿ ಆಗುವ ಜಗಳಗಳು ಕೋರ್ಟಿಗೆ ಹೋಗುತ್ತವೆ, ಆಗ ಗ್ರಾಮಸಭೆಗೆ ಬರುತ್ತವೆ. ಅಷ್ಟರಮಟ್ಟಿಗೆ ಅದು ಪ್ರಗತಿಯೇ.

ಇನ್ನೊಂದು ಆಕ್ಷೇಪ, ಅತಿವೃಷ್ಟಿಯದು. 2009ರ ಸೆಪ್ಟೆಂಬರ್ ಕಡೆಯಿಂದ ಅಕ್ಟೋಬರ್ ಮೊದಲವರೆಗೆ ಸುರಿದ ಮಳೆಯಲ್ಲಿ, 2019ರ ಆಗಸ್ಟಿನ ಮಲಪ್ರಭೆಯ ನೆರೆಯಲ್ಲಿ, ಎಂಥ ಪಾಲಕನ ಒಡ್ಡೂ ಉಳಿಯುವುದು ಕಠಿನವಾಗಿತ್ತು. ಅಂಥ ವರ್ಷ ಮಾನ್ಯವನ್ನು ತಡೆಯುವುದು ಕ್ರೌರ್ಯವಾದೀತು. ಮರುವರ್ಷದ ದುರಸ್ತಿಯ ಮೇಲೆ ಅದನ್ನು ಕೊಡಬೇಕು. ಪಾಳುಬಿದ್ದುದನ್ನು ಎತ್ತಿ ನಿಲ್ಲಿಸಿದವನಿಗೂ ವಿನಾಯಿತಿಯನ್ನು ಗೊತ್ತುಮಾಡಿದ ಕೌಟಿಲ್ಯನು ಈ ಪ್ರಸಂಗವನ್ನು ಬಹುಶಃ ನಮಗಿಂತ ಮೊದಲೇ ಯೋಚಿಸಿದ್ದನು.

ಆದುದರಿಂದ ಜಿಲ್ಲಾ ಪಂಚಾಯಿತಿಯಲ್ಲೂ ಕೃಷಿ ಇಲಾಖೆಯಲ್ಲೂ ಅಧಿಕಾರದಲ್ಲಿರುವವರಲ್ಲಿ ನನ್ನ ವಿಜ್ಞಾಪನೆಯಿಷ್ಟು. ಇಡೀ ಜಿಲ್ಲೆಗೆ ಒಂದೇ ಬಾರಿ ಹೊಸ ನಿಯಮವನ್ನು ಮಾಡಬೇಡಿರಿ. ಅಮೀನಗಡದ ಕಡೆಯ ಎರೆಯಲ್ಲಿ ಒಂದು, ಕೆರೂರಿನ ಕಡೆಯ ಮಸಾರಿಯಲ್ಲಿ ಒಂದು, ಹೀಗೆ ಎರಡು ಕಿರುಜಲಾನಯನಗಳನ್ನು ಆರಿಸಿಕೊಂಡು, ಒಡ್ಡಿನ ನಕ್ಷೆಯನ್ನು ಅಲ್ಲಿನ ಹಿರಿಯ ರೈತರನ್ನೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನೂ ಒಟ್ಟಿಗೆ ಕೂರಿಸಿ ಬರೆಯಿಸಿ, ಸಹಾಯಧನವನ್ನು ಮೂರು ವರ್ಷಗಳಿಗೆ ಹಂಚಿ ಕೊಟ್ಟು ನೋಡಿರಿ. ಇದಕ್ಕೆ ಹೊಸ ಹಣ ಬೇಡ. ಈಗ ಒಂದೇ ಕಂತಿನಲ್ಲಿ ಕೊಡುವುದರ ಐದರಲ್ಲೊಂದು ಪಾಲನ್ನು ಉಳಿಸಿಟ್ಟುಕೊಂಡು, ನಿಂತ ಒಡ್ಡಿಗೆಂದು ಕೊಟ್ಟರೆ ಸಾಕು.